ಊರ ಕಸ ಒಕ್ಕೂಟದ ಕೈಗೆ: ಒಡಂಬಡಿಕೆ ಬರೆಯುವುದು ಹೇಗೆ?

ಗ್ರಾಮ ಪಂಚಾಯಿತಿ ಖರ್ಚು ಮಾಡುವ ಹಣ ಊರಲ್ಲೇ ತಿರುಗಬೇಕೆಂದರೆ ಕಸದ ಕೆಲಸವನ್ನು ಹೊರಗಿನ ಗುತ್ತಿಗೆದಾರರ ಬದಲು ಊರಿನ ಮಹಿಳಾ ಸ್ವಸಹಾಯ ಸಂಘಗಳು ಸೇರಿದ ಸಂಜೀವಿನಿ ಒಕ್ಕೂಟಕ್ಕೆ ವಹಿಸಿ. ರಾಜ್ಯದ ಹಲವು ಪಂಚಾಯಿತಿಗಳಲ್ಲಿ ‘ಸ್ವಚ್ಛ ವಾಹಿನಿ’ ಎಂಬ ಕಸದ ಗಾಡಿ ಓಡಿಸುವವರು, ಕಸ ವಿಂಗಡಿಸುವವರು ಈ ಒಕ್ಕೂಟದ ಮಹಿಳೆಯರೇ. ಇನ್ನು ಕೆಲವೆಡೆ ಹಾರ ಹಾಕಿ ಹೊರಡಿಸಿದ ಗಾಡಿ ಆರೇ ತಿಂಗಳಲ್ಲಿ ಪಂಚಾಯಿತಿ ಕಟ್ಟಡದ ಹಿಂದೆ ತುಕ್ಕು ಹಿಡಿಯುತ್ತದೆ. ಅಲ್ಲಿನ ಒಡಂಬಡಿಕೆ ತೆಗೆದು ನೋಡಿ, ದುಡ್ಡಿನ ಪುಟವೇ ಇರುವುದಿಲ್ಲ.

1. ಠರಾವು. ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಜಿಲ್ಲಾ ಪಂಚಾಯಿತಿಯಿಂದ ಮಾದರಿ ಒಡಂಬಡಿಕೆ ತರಿಸಿಕೊಳ್ಳಿ. ಇದು ಒಂದು ದಿನದ ಕೆಲಸ.

2. ಎಣಿಕೆ. ಮನೆ, ಅಂಗಡಿ, ಹೋಟೆಲ್, ಕಲ್ಯಾಣ ಮಂಟಪಗಳನ್ನು ಬೇರೆಬೇರೆಯಾಗಿ ಎಣಿಸಿ. ತೆರಿಗೆ ರಿಜಿಸ್ಟರ್ ನೋಡಿ ಬರೆದುಕೊಂಡರೆ ಸಾಲದು, ಬಾಡಿಗೆ ಮನೆಗಳು ಅದರಲ್ಲಿ ತಪ್ಪಿಹೋಗುತ್ತವೆ. ವಾರವಿಡೀ ಒಣ ಕಸ ಸಂಗ್ರಹಿಸಿ ತೂಗಿ.

3. ದುಡ್ಡಿನ ಪುಟ. ಎಡವುವುದು ಇಲ್ಲೇ. ಉದಾಹರಣೆಗೆ 900 ಮನೆ, 60 ಅಂಗಡಿಗಳ ಪಂಚಾಯಿತಿ ಎಂದುಕೊಳ್ಳಿ. ಚಾಲಕಿ, ಸಹಾಯಕಿ, ವಿಂಗಡಿಸುವವರು ಇಬ್ಬರು, ಒಟ್ಟು ನಾಲ್ವರು. ದಿನಕ್ಕೆ ತಲಾ ₹600ರಂತೆ 26 ದಿನಕ್ಕೆ ₹62,400. (ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕೆಳಗಿಳಿಯುವಂತಿಲ್ಲ, ಆ ವರ್ಷದ ದರ ನೋಡಿ ತಿದ್ದಿಕೊಳ್ಳಿ.) ಡೀಸೆಲ್ ₹5,500, ವಿಮೆ ಮತ್ತು ರಿಪೇರಿಗೆ ಎತ್ತಿಡುವುದು ₹4,000, ಕೈಗವಸು, ಚೀಲ, ಸಾಬೂನಿಗೆ ₹1,500. ತಿಂಗಳ ಖರ್ಚು ₹73,400.

ಈಗ ಆದಾಯ. ಮನೆಗೆ ₹30ರಂತೆ ₹27,000 ಬರುತ್ತದೆ ಎಂದು ಬರೆದುಬಿಡುತ್ತಾರೆ. ಮೊದಲ ವರ್ಷ ಅಷ್ಟು ಬರುವುದಿಲ್ಲ. ನೂರರಲ್ಲಿ ಅರವತ್ತು ಮನೆ ಕೊಟ್ಟರೆಂದು ಹಿಡಿಯಿರಿ: ₹16,200. ಅಂಗಡಿಗಳಿಂದ ₹6,000, ಒಣ ಕಸ ಮಾರಿ ₹8,000. ಎಲ್ಲ ಸೇರಿ ₹30,200. ಕೊರತೆ ₹43,200.

ಈ ಕೊರತೆ ಯಾರ ತಲೆಗೆ ಎಂಬುದನ್ನು ಒಡಂಬಡಿಕೆಯಲ್ಲಿ ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ‘ಒಕ್ಕೂಟವು ಸ್ವಾವಲಂಬಿಯಾಗತಕ್ಕದ್ದು’ ಎಂಬ ಸಾಲು ಕಂಡರೆ ಹೊಡೆದುಹಾಕಿ. ಅದರರ್ಥ ಮಹಿಳೆಯರು ಸಂಬಳವಿಲ್ಲದೆ ದುಡಿಯಲಿ ಎಂದಷ್ಟೆ. ಹಣಕಾಸು ಆಯೋಗದ ಅನುದಾನದಿಂದ ಸಂಬಳ ಕೊಡುವಂತಿಲ್ಲ, ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ. ಆದ್ದರಿಂದ ವರ್ಷಕ್ಕೆ ಬೇಕಾಗುವ ₹5.18 ಲಕ್ಷವನ್ನು ಪಂಚಾಯಿತಿಯ ಸ್ವಂತ ಸಂಪನ್ಮೂಲದ ಬಜೆಟ್ಟಿನಲ್ಲೇ ಎತ್ತಿಡಿ. ಪಾವತಿ ದಿನಾಂಕವನ್ನೂ ನಮೂದಿಸಿ: ಪ್ರತಿ ತಿಂಗಳು 5ರೊಳಗೆ, ಒಕ್ಕೂಟದ ಬ್ಯಾಂಕ್ ಖಾತೆಗೆ. ಮೊದಲ ಮೂರು ತಿಂಗಳ ಮೊತ್ತ ಮುಂಗಡವಾಗಿಯೇ ಹೋಗಲಿ. ಹಣ ತಡವಾದರೆ ಗುತ್ತಿಗೆದಾರ ಸಾಲ ತಂದಾದರೂ ಕಾಯುತ್ತಾನೆ; ದಿನಗೂಲಿ ಬಿಟ್ಟು ಬಂದವರು ಎರಡನೇ ತಿಂಗಳಿಗೆ ಮತ್ತೆ ತೋಟದ ಕೆಲಸಕ್ಕೆ ಹೋಗುತ್ತಾರೆ.

ಒಣ ಕಸ ಮಾರಿದ ಹಣ ಒಕ್ಕೂಟಕ್ಕೇ ಸೇರಬೇಕು. ಪಂಚಾಯಿತಿ ಅದರಲ್ಲಿ ಪಾಲು ಕೇಳಿದರೆ ವಿಂಗಡಣೆ ಕೆಡುತ್ತದೆ. ಚೆನ್ನಾಗಿ ಬಿಡಿಸಿದ ರಟ್ಟು, ಬಾಟಲಿಗಳಿಗಷ್ಟೆ ಒಳ್ಳೆಯ ಬೆಲೆ, ಗುಜರಿಯವರು ಬೆರಕೆ ಮಾಲಿಗೆ ಕೇಳುವುದೇ ಅರ್ಧ. ಚಿಪ್ಸ್ ಪೊಟ್ಟಣದಂಥ ಪ್ಲಾಸ್ಟಿಕ್ ಅನ್ನು ಯಾರೂ ಕೊಳ್ಳುವುದಿಲ್ಲ. ಅದನ್ನು ಸಾಗಿಸುವ ಖರ್ಚು ಪಂಚಾಯಿತಿಯದೆಂದು ಬರೆಯಿರಿ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿರುವಂಥ ದಿನಕ್ಕೆ 10 ಟನ್ ಸಾಮರ್ಥ್ಯದ ಒಣ ಕಸ ವಿಂಗಡಣಾ ಘಟಕ ಹತ್ತಿರವಿದ್ದರೆ ಅಲ್ಲಿಗೆ ಕಳಿಸಬಹುದು.

4. ಚಾಲಕಿ. ಹೆಸರಿಗೆ ಮಹಿಳೆಯನ್ನು ತೋರಿಸಿ ಅವರ ಗಂಡನ ಕೈಗೆ ಗಾಡಿ ಕೊಡುವುದು ಎಲ್ಲೆಡೆ ಕಾಣುವ ಅಡ್ಡದಾರಿ. ಅಪಘಾತವಾದರೆ ಚಾಲನೆ ಮಾಡಿದವರ ಪರವಾನಗಿಯನ್ನೇ ವಿಮಾ ಕಂಪನಿ ಕೇಳುವುದು. ಕಲಿಕಾ ಪರವಾನಗಿ ಸಿಕ್ಕ 30 ದಿನದ ನಂತರವೇ ಚಾಲನಾ ಪರೀಕ್ಷೆ, ಆದ್ದರಿಂದ ಗಾಡಿ ಬರುವ ಮೂರು ತಿಂಗಳು ಮೊದಲೇ ತರಬೇತಿಗೆ ಕಳಿಸಿ. ಲಘು ವಾಹನದ ಪರವಾನಗಿ ಸಾಕು: 7,500 ಕಿಲೋ ಒಳಗಿನ ಸಾರಿಗೆ ವಾಹನಕ್ಕೆ ಬೇರೆ ಅನುಮತಿ ಬೇಡವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಇಬ್ಬರಿಗೆ ಕಲಿಸಿ. ಒಬ್ಬರೇ ಇದ್ದರೆ ಅವರ ಮನೆಯ ಒಂದು ಮದುವೆಗೆ ಊರಿಡೀ ಕಸ.

5. ಖರೀದಿ. ಮನೆಮನೆಗೆ ಹಂಚುವ ಅಗ್ಗದ ಪ್ಲಾಸ್ಟಿಕ್ ಬಕೆಟ್ ಎರಡು ಬೇಸಿಗೆ ಬಾಳುವುದಿಲ್ಲ, ಬಾಳುವವು ಬಚ್ಚಲು ಸೇರುತ್ತವೆ. ‘ಕಸ ಸುಡುವ ಯಂತ್ರ’ ಮಾರಲು ಬರುವವರನ್ನು ಬಾಗಿಲಲ್ಲೇ ಕಳಿಸಿಬಿಡಿ. ಹೊಗೆಯ ದೂರು ಪಂಚಾಯಿತಿಗೇ ಬರುತ್ತದೆ. ಆ ಹಣದಲ್ಲಿ ತೂಕದ ಯಂತ್ರ, ವಿಂಗಡಣೆಯ ಮೇಜು, ಊರಿನ ಕಸ ಘಟಕಕ್ಕೊಂದು ಶೌಚಾಲಯ, ನೀರಿನ ನಲ್ಲಿ ಆಗುತ್ತವೆ. ಕೈಗವಸು ದಪ್ಪ ರಬ್ಬರಿನದೇ ಇರಲಿ. ತೆಳ್ಳನೆಯದು ಒಡೆದ ಗಾಜಿಗೆ ಒಂದೇ ದಿನ.

6. ಲೆಕ್ಕ. ದಿನದ ತೂಕ, ಮನೆ ಶುಲ್ಕದ ರಸೀದಿ, ಮಾರಾಟದ ಚೀಟಿ, ಈ ಮೂರೇ ಪುಸ್ತಕ ಸಾಕು. ಬರೆಯುವುದು ಒಕ್ಕೂಟದ ಪುಸ್ತಕ ಬರಹಗಾರರು, ತಿಂಗಳಿಗೊಮ್ಮೆ ಸಹಿ ಹಾಕುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಮೂರು ತಿಂಗಳಿಗೊಮ್ಮೆ ಕೊರತೆಯ ಮೊತ್ತವನ್ನು ಮತ್ತೆ ಲೆಕ್ಕ ಹಾಕುವ ಷರತ್ತು ಒಡಂಬಡಿಕೆಯಲ್ಲಿರಲಿ; ಶುಲ್ಕ ಕೊಡುವ ಮನೆಗಳು ಹೆಚ್ಚಿದಂತೆ ಪಂಚಾಯಿತಿಯ ಪಾಲು ಇಳಿಯಬೇಕು, ಮಹಿಳೆಯರ ಕೂಲಿಯಲ್ಲ.