ಇದ್ದವರಿಗೇ ಕಲಿಸಿದೆವು, ಹೊರಗಿಂದ ಒಬ್ಬರನ್ನು ಮಾತ್ರ ತಂದೆವು

ಶಿರಸಿಯಲ್ಲಿ ನಮ್ಮದು ಕೇಟರಿಂಗ್ ಕೆಲಸ. ಮದುವೆ, ಉಪನಯನ, ಗೃಹಪ್ರವೇಶ ಎಲ್ಲದಕ್ಕೂ ಅಡುಗೆ ಮಾಡಿ ಬಡಿಸಿ ಬರುತ್ತೇವೆ. 2020ರ ಮಾರ್ಚ್‌ನಲ್ಲಿ ಮಾರಿಕಾಂಬಾ ಜಾತ್ರೆ ಮುಗಿದ ಬೆನ್ನಿಗೇ ಲಾಕ್‌ಡೌನ್ ಬಂತು. ಏಪ್ರಿಲ್, ಮೇ ಅಂದ್ರೆ ನಮಗೆ ವರ್ಷದ ದುಡಿಮೆ. ಬುಕಿಂಗ್ ಪೂರ್ತಿ ಹೋಯ್ತು. ಆಮೇಲೆ ಮದುವೆಗೆ ಅನುಮತಿ ಸಿಕ್ಕಿದರೂ 50 ಜನ ಮೀರುವಂತಿಲ್ಲ ಅಂತ ನಿಯಮ. 50 ಜನರ ಅಡುಗೆಗೆ ಕೇಟರಿಂಗ್‌ನವರನ್ನು ಯಾರು ಕರೀತಾರೆ?

ಆಗಲೇ ಹಲಸಿನ ಚಿಪ್ಸ್, ಮುರುಗಲು (ಕೋಕಂ) ಸಿರಪ್, ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಪ್ಯಾಕ್ ಮಾಡಿ ಮಾರೋಣ ಅಂತ ಹೊರಟೆವು. ಹತ್ತಿರದವರು ಕೊಟ್ಟ ಸಲಹೆ ಒಂದೇ: "ಹಳೆಯವರನ್ನೆಲ್ಲ ಮನೆಗೆ ಕಳಿಸು, ಈ ಕೆಲಸ ಗೊತ್ತಿರುವ ಇಬ್ಬರು ಮೂವರನ್ನು ತಗೋ." ಲೆಕ್ಕಕ್ಕೆ ಸರಿ ಅನ್ನಿಸುವ ಮಾತು. ಆದರೆ ಹೊಸಬರು ಬಂದರೆ ನಮ್ಮ ಅಡುಗೆಮನೆ, ನಮ್ಮ ರುಚಿ, ಹಲಸು ಕೊಡುವ ಮನೆಗಳು ಇದೆಲ್ಲ ಅವರಿಗೆ ಹೇಳಿಕೊಡಬೇಕಾದವರು ಯಾರು? ಅದೇ ಹಳೆಯವರು. ಅವರನ್ನೇ ಕಳಿಸಿಬಿಟ್ಟರೆ ಹೇಳಿಕೊಡಲು ಯಾರೂ ಇಲ್ಲ.

ನಾನು ಹಿಡಿದ ಅಳತೆ ಸೀಸನ್. ಹಲಸು, ಮುರುಗಲು ನಮಗಾಗಿ ಕಾಯುವುದಿಲ್ಲ, ಮಳೆ ಹಿಡಿದ ಮೇಲೆ ಮುಗೀತು. ಆ ಸೀಸನ್ ಮುಗಿಯುವುದರೊಳಗೆ ನಮ್ಮವರು ಕಲಿಯಬಹುದಾದ ಕೆಲಸವನ್ನು ನಮ್ಮವರಿಗೇ ಕಲಿಸುವುದು. ಅಷ್ಟರೊಳಗೆ ಕಲಿಯಲು ಆಗದ್ದಕ್ಕೆ ಮಾತ್ರ ಹೊರಗಿನಿಂದ ಜನ. ಹೀಗೆ ಪಾಲು ಮಾಡಿದಾಗ ಮುಕ್ಕಾಲು ಕೆಲಸ ನಮ್ಮವರ ಕಡೆಗೇ ಬಿತ್ತು. ತರಕಾರಿ ಹೆಚ್ಚುತ್ತಿದ್ದ ಅಕ್ಕಂದಿರಿಗೆ ಬಕ್ಕೆ ಹಲಸಿನ ಗಟ್ಟಿ ತೊಳೆ ಒಂದೇ ದಪ್ಪಕ್ಕೆ ಸೀಳುವುದು ಕಷ್ಟವೇ ಆಗಲಿಲ್ಲ. ಸೀಲಿಂಗ್ ಮಷಿನ್ ಕೂಡ ಬೇಗ ಕೈಗೆ ಹತ್ತಿತು. ಚಿಪ್ಸ್ ಪೂರ್ತಿ ಆರದೆ ಪ್ಯಾಕ್ ಮಾಡಿದರೆ ಒಳಗೆ ಹಬೆ ಕೂತು ಮೆತ್ತಗಾಗುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹಪ್ಪಳ ಕರಿದ ಕೈಗಳು ಅವು.

ಕಷ್ಟ ಇದ್ದದ್ದು ಅಳತೆಯಲ್ಲಿ. ನಮ್ಮ ಹಿರಿಯ ಭಟ್ಟರು ಸಾವಿರ ಜನರ ಸಾಂಬಾರಿಗೂ ಕೈಯಲ್ಲೇ ಉಪ್ಪು ಹಾಕುವವರು. ತಕ್ಕಡಿ ತಂದಿಟ್ಟರೆ "ಯನ್ನ ಕೈ ಅಂದಾಜು ತಪ್ತಿಲ್ಲೆ ತಮಾ" ಅಂದರು. ನಿಜ, ತಪ್ಪುವುದಿಲ್ಲ. ಆದರೆ ಮದುವೆಯಲ್ಲಿ ರುಚಿ ನೋಡಿ ಕೊನೇ ಗಳಿಗೆಯಲ್ಲೂ ಸರಿ ಮಾಡಬಹುದು, ಸೀಲ್ ಆದ ಬಾಟಲಿಯಲ್ಲಿ ಆಗದು ಅಲ್ವಾ? ಅವರ ಜೊತೆ ವಾದ ಮಾಡಲು ನಾನು ಹೋಗಲಿಲ್ಲ. ಸಿರಪ್ ಮಾಡುವಾಗ, ಪಾಕದಲ್ಲಿ ಸಕ್ಕರೆ ಎಷ್ಟಿದೆ ಅಂತ ತೋರಿಸುವ ಬ್ರಿಕ್ಸ್ ಮೀಟರ್ ಪಕ್ಕಕ್ಕಿಟ್ಟು, ನೀವು ನಿಮ್ಮ ಹಾಗೇ ಹದ ನೋಡಿ ಭಟ್ರೇ, ಆಮೇಲೆ ಇದರಲ್ಲೂ ಒಂದು ಹನಿ ಹಾಕಿ ಅಂದೆ. ಹಣ್ಣಿನ ಸಿರಪ್‌ಗೆ ಆ ಮೀಟರ್‌ನಲ್ಲಿ ಕನಿಷ್ಠ 65 ಡಿಗ್ರಿ ಬ್ರಿಕ್ಸ್ ಬರಬೇಕು ಅಂತ ನಿಯಮ ಇದೆ. ಅವರು ಎರಡು ಬೆರಳ ನಡುವೆ ಪಾಕ ಅಂಟಿಸಿ ನೋಡುವುದು, ಮೀಟರ್ ಕಣ್ಣಿಗೆ ಹಿಡಿದು ಬೆಳಕಿನ ಕಡೆ ತಿರುಗುವುದು. ಬಿಸಿ ಹನಿ ಹಾಕಿದರೆ ಕಡಿಮೆ ತೋರಿಸುತ್ತೆ, ಆರಿದ ಮೇಲೆ ಸರಿಯಾಗಿ ತೋರಿಸುತ್ತೆ ಅಂತ ಕಂಡುಹಿಡಿದದ್ದೂ ಅವರೇ. ಅಲ್ಲಿಂದ ಮೀಟರ್ ಅವರ ಕೈಬಿಟ್ಟು ಹೋಗಲಿಲ್ಲ, ಬೇರೆಯವರು ಮುಟ್ಟಿದರೆ ಬೈಯುತ್ತಿದ್ದರು.

ಎಲ್ಲರೂ ಹೀಗೆ ಬದಲಾಗಲಿಲ್ಲ. ಇನ್ನೊಬ್ಬ ಹಿರಿಯರಿಗೆ ಪ್ಯಾಕೆಟ್ ಕೆಲಸವೇ ಬೇಡ ಅನ್ನಿಸಿತು. ಒತ್ತಾಯ ಮಾಡಲಿಲ್ಲ. ತೋಟದ ಕೆಲಸಕ್ಕೆ ಹೋಗಿ, ಮದುವೆಗಳು ಶುರುವಾದ ಮೇಲೆ ವಾಪಸ್ ಬಂದರು.

ಹೊರಗಿನಿಂದ ಬೇಕಾದದ್ದು ಒಂದೇ ವಿಷಯಕ್ಕೆ: ಈ ಮಾಲು ತಿಂಗಳುಗಟ್ಟಲೆ ಕೆಡದೆ ಇರುತ್ತೋ ಇಲ್ಲವೋ ಅಂತ ಖಚಿತವಾಗಿ ಹೇಳುವವರು. ಉಪ್ಪಿನಕಾಯಿಯ ಪಿಎಚ್, ಅಂದ್ರೆ ಹುಳಿಯ ಅಳತೆ, 4.6ಕ್ಕಿಂತ ಕೆಳಗಿರಬೇಕು (ಇದು ಇಳಿದಷ್ಟೂ ಹುಳಿ ಜಾಸ್ತಿ), ಇಲ್ಲದಿದ್ದರೆ ಗಾಳಿಯಾಡದ ಬಾಟಲಿಯಲ್ಲಿ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಇರುತ್ತೆ. ಇದರಲ್ಲಿ ಕಲಿಯುತ್ತಾ ಮಾಡೋಣ ಅನ್ನುವ ಮಾತೇ ಇಲ್ಲ. ಆಗ ಬೆಂಗಳೂರಿನಿಂದ ಎಷ್ಟೊಂದು ಮಕ್ಕಳು ಊರಿಗೆ ಬಂದಿದ್ದರು ನೋಡಿ, ಅವರಲ್ಲಿ ಫುಡ್ ಟೆಕ್ನಾಲಜಿ ಓದಿದ ಒಬ್ಬ ಹುಡುಗಿ ಸಿಕ್ಕಿದಳು. ಬ್ಯಾಚ್ ನಂಬರ್, ಲೇಬಲ್, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಎಲ್ಲ ಅವಳೇ ನೋಡಿದಳು. ಅದಕ್ಕಿಂತ ದೊಡ್ಡ ಉಪಕಾರ, ಸರಿಯಿಲ್ಲದ ಬ್ಯಾಚನ್ನು ಮುಲಾಜಿಲ್ಲದೆ ಬೇಡ ಅನ್ನುತ್ತಿದ್ದಳು. ನಮ್ಮೊಳಗಿನವರು ಭಟ್ಟರ ಎದುರು ಹಾಗೆ ಹೇಳುವುದು ಕಷ್ಟ.

ಇಲ್ಲಿ ಸಂಬಳದ ವಿಷಯ ಹೇಳಲೇಬೇಕು. ಲಾಕ್‌ಡೌನ್‌ನಲ್ಲಿ ಎಲ್ಲರೂ ಅರ್ಧ ಸಂಬಳಕ್ಕೆ ಒಪ್ಪಿದ್ದರು. ಅಂಥ ಹೊತ್ತಲ್ಲಿ ಹೊಸಬರಿಗೆ ಪೂರ್ತಿ ಸಂಬಳ ಕೊಟ್ಟು ಕರೆತಂದರೆ, ಬಾಯಿ ಬಿಟ್ಟು ಹೇಳದಿದ್ದರೂ ಇದ್ದವರ ಮನಸ್ಸು ಒಡೆಯುತ್ತೆ. ಅದಕ್ಕೇ ಚಿಪ್ಸ್ ಮಾರಿ ದುಡ್ಡು ಬರಲು ಶುರುವಾದ ಕೂಡಲೇ ಮೊದಲು ಹಳೆಯವರ ಸಂಬಳ ಪೂರ್ತಿ ಮಾಡಿದೆ. ಅಲ್ಲಿಯವರೆಗೆ ಆ ಹುಡುಗಿ ಬ್ಯಾಚ್ ಲೆಕ್ಕದಲ್ಲಿ ಬಂದು ನೋಡಿ ಹೋಗುತ್ತಿದ್ದಳು. ತಿಂಗಳ ಸಂಬಳಕ್ಕೆ ತಗೊಂಡದ್ದು ಆಮೇಲೆ, ಅವಳಿಗೆ ಎಷ್ಟು ಕೊಡುತ್ತೇನೆ, ಯಾಕೆ ಅಂತ ಎಲ್ಲರ ಎದುರೇ ಹೇಳಿ. ಬಿಕ್ಕಟ್ಟಿನಲ್ಲಿ ಹೊಸಬರನ್ನು ತಗೊಳ್ಳುವವರು ಈ ಕ್ರಮ ತಪ್ಪಿಸಬೇಡಿ ಅಂತ ಕೈಮುಗಿದು ಕೇಳ್ತೇನೆ.

ಮಾರಾಟಕ್ಕೂ ಅನುಭವ ಇರುವ ಸೇಲ್ಸ್‌ಮನ್ ಬೇಕು ಅಂತ ಸುಮಾರು ಜನ ಹೇಳಿದ್ದರು. ನಾನು ಕಳಿಸಿದ್ದು ಬಡಿಸುವ ಹುಡುಗನನ್ನು. ಪಂಕ್ತಿಯಲ್ಲಿ ಯಾರಿಗೆ ಇನ್ನೊಂದು ಹೋಳಿಗೆ ಬೇಕು ಅಂತ ಮುಖ ನೋಡಿಯೇ ತಿಳಿಯುವವನು ಅವನು. ಕುಮಟಾ, ಅಂಕೋಲಾ, ಕಾರವಾರದ ಅಂಗಡಿಯವರಲ್ಲಿ ಎಷ್ಟೋ ಜನ ಅವನ ಕೈಯಲ್ಲಿ ಊಟ ಮಾಡಿದವರೇ. ಬಿಲ್ ಬರೆಯುವುದು, ವಾಪಸ್ ಬಂದ ಮಾಲಿನ ಲೆಕ್ಕ ಇಡುವುದು ಮಾತ್ರ ಹೇಳಿಕೊಡಬೇಕಾಯ್ತು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ನನ್ನನ್ನು ಕೇಳುವ ಮೊದಲೇ ಅಂಗಡಿಗಳಿಗೆ ಫೋನ್ ಮಾಡಿ ತಡವಾಗುತ್ತೆ ಅಂತ ಹೇಳಿ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲಾ, ಕಾರವಾರಕ್ಕೆ ಮಾಲು ಮುಟ್ಟಿಸಿದ. ಈಗ ಆ ಲೈನ್ ಪೂರ್ತಿ ಅವನದೇ. ಸಂಬಳದ ಮೇಲೆ ಮಾರಾಟದಲ್ಲಿ ಪಾಲೂ ಕೊಡ್ತೇನೆ.