ಹಳ್ಳದ ರಾಡಿ ಹುಡುಕುತ್ತಾ ಗಟಾರಕ್ಕೆ ಬಂದೆ: ನನ್ನ ಅನುಭವ

ನಮ್ಮ ಹೊಲ ಇರುವುದು ಕುಂದಗೋಳ ತಾಲೂಕಿನಲ್ಲಿ. ಪಕ್ಕಾ ಎರೆಭೂಮಿ. ಹೊಲಕ್ಕೆ ಹತ್ತಿಕೊಂಡೇ ಊರಿನ ರಸ್ತೆ, ರಸ್ತೆ ಬದಿಗೆ ಗಟಾರ. ಆ ಗಟಾರ ಸುಮಾರು 900 ಅಡಿ ಓಡಿ ಸಣ್ಣ ಹಳ್ಳಕ್ಕೆ ಬೀಳುತ್ತದೆ. ಅದರ ನೀರು ಬೆಣ್ಣಿಹಳ್ಳಕ್ಕೆ, ಅಲ್ಲಿಂದ ಮಲಪ್ರಭೆಗೆ.

ಮೊದಲು ಅದು ಗರಸಿನ ರಸ್ತೆ. ಬದಿಯಲ್ಲಿ ಕರಿಕೆ ಬೆಳೆದ ತಗ್ಗು ಇತ್ತು, ಅಷ್ಟೇ. ಮಳೆ ನೀರು ಅದರಲ್ಲಿ ನಿಂತು, ಇಂಗಿ, ಉಳಿದದ್ದು ಹರಿಯುತ್ತಿತ್ತು. ಡಾಂಬರು ಬಂದಾಗ ಜೆಸಿಬಿ ತಂದು ನೆಟ್ಟಗೆ ಗಟಾರ ತೋಡಿದರು. ಎರಡು ಮಳೆಗಾಲದಲ್ಲಿ ಮೊಣಕಾಲುದ್ದದ ಗಟಾರ ಸೊಂಟದವರೆಗೆ ಇಳಿಯಿತು. ನಮ್ಮ ಬದು ಕುಸಿಯಿತು. ಕಾಕಾ ಬಂದು ನೋಡಿ, "ತಮ್ಮಾ, ಹೊಲಾನ ಹಳ್ಳಕ್ಕ ಹೊಂಟೈತಿ" ಅಂದರು.

ಎರೆಮಣ್ಣಿನ ಸ್ವಭಾವ ನಿಮಗೆ ಗೊತ್ತಿದೆ. ಒಣಗಿದಾಗ ಬಿರುಕಿನಲ್ಲಿ ಎಷ್ಟು ನೀರು ಬೇಕಾದರೂ ಕುಡಿಯುತ್ತದೆ. ನೆನೆದು ಉಬ್ಬಿ ಬಿರುಕು ಮುಚ್ಚಿತೋ, ಆಮೇಲೆ ಬಿದ್ದದ್ದೆಲ್ಲ ಮೇಲಿಂದಲೇ ಓಡುತ್ತದೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಅಂದರೆ ಸುಮಾರು 1 ಲಕ್ಷ ಲೀಟರ್. ಅಷ್ಟು ನೀರು ಹುಲ್ಲಿಲ್ಲದ ಗಟಾರಕ್ಕೆ ಬಿದ್ದರೆ ತಡೆಯುವವರು ಯಾರು?

ಹಳ್ಳದ ರಾಡಿ ಎಲ್ಲಿಂದ ಬರುತ್ತದೆ ನೋಡೋಣ ಅಂತ, ಒಂದು ದೊಡ್ಡ ಮಳೆ ನಿಂತ ಕೂಡಲೇ ಮೂರು ಬಾಟಲಿ ತಗೊಂಡು ಹೋದೆ. ಒಂದರಲ್ಲಿ ಗಟಾರದ ತಲೆಯ ನೀರು, ಒಂದರಲ್ಲಿ ಬುಡದ್ದು, ಇನ್ನೊಂದರಲ್ಲಿ ಗಟಾರ ಕೂಡುವ ಜಾಗಕ್ಕಿಂತ ಮೇಲಿನ ಹಳ್ಳದ್ದು. ಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಉಸುಕು ನಿಮಿಷದಲ್ಲಿ ತಳ ಸೇರಿತು. ಗಟಾರದ ಬುಡದ ಬಾಟಲಿ ಮಾತ್ರ ಮೂರನೇ ದಿನವೂ ಹಾಲು ಕಡಿಮೆ ಹಾಕಿದ ಚಹಾದ ಹಾಗೆ ಕಂದಾಗಿತ್ತು. ಎರೆಯ ನುಣ್ಣನೆ ಜಿಗುಟು ಮಣ್ಣು ಅದು, ಬೇಗ ಕೆಳಗೆ ಕೂರುವುದಿಲ್ಲ. ಹಳ್ಳದಲ್ಲಿ ನೀರು ನಿಂತ ಕಡೆ ಕೊನೆಗೆ ಅದೇ ಕಲ್ಲುಗಳ ಸಂದಿಯಲ್ಲಿ ಕೂರುತ್ತದೆ. ಏಡಿ, ಏರೋಪ್ಲೇನ್ ಚಿಟ್ಟೆಯ ಮರಿ, ಮೀನಿನ ಮೊಟ್ಟೆ ಇರುವ ಜಾಗವೂ ಆ ಸಂದಿಯೇ. ಅದು ಮುಚ್ಚಿದರೆ ಅವು ಎಲ್ಲಿಗೆ ಹೋಗಬೇಕು? ನಾವು ಹಾಕಿದ ಡಿಎಪಿ ಗೊಬ್ಬರದ ರಂಜಕವೂ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಹೋಗುತ್ತದೆ. ಹಳ್ಳದ ಗುಂಡಿಗಳಲ್ಲಿ ಪಾಚಿ ಜಾಸ್ತಿ ಆಗುವುದಕ್ಕೆ ಅದೂ ಒಂದು ಕಾರಣ.

ರಸ್ತೆ ಬದಿ ನಮ್ಮ ಜಾಗ ಅಲ್ಲ ಅಲ್ವಾ, ಅದಕ್ಕೆ ಮೊದಲು ಪಂಚಾಯ್ತಿಯಲ್ಲಿ ಕೇಳಿಕೊಂಡೆ. ಆಮೇಲೆ ಗಟಾರಕ್ಕೆ ಅಡ್ಡ ಕಲ್ಲಿನ ಕಟ್ಟೆ ಹಾಕಿದೆ. ಮೊದಲನೆಯ ಸಲ ತಪ್ಪು ಮಾಡಿದೆ. ಗೋಡೆಯ ಹಾಗೆ ಮೇಲ್ಗಡೆ ಸಮ ಇಟ್ಟಿದ್ದೆ. ಒಂದೇ ಮಳೆಗೆ ನೀರು ಪಕ್ಕದ ಮಣ್ಣು ಕೊರೆದು ದಾರಿ ಮಾಡಿಕೊಂಡಿತು, ರಸ್ತೆಯ ಅಂಚೂ ಸ್ವಲ್ಪ ಹೋಯಿತು. ಅವತ್ತು ಬಹಳ ಬೇಜಾರಾಯಿತು. ಎಲ್ಲ ಕಿತ್ತು ಮತ್ತೆ ಕಟ್ಟಿದೆ. ಈ ಸಲ ನಡುವೆ ಅರ್ಧ ಅಡಿ ತಗ್ಗು ಬಿಟ್ಟೆ, ಎರಡೂ ತುದಿಯನ್ನು ದಂಡೆಯೊಳಗೆ ಒಂದು ಅಡಿ ಹುಗಿದೆ, ನೀರು ಧುಮುಕುವ ಕಡೆ ಚಪ್ಪಟೆ ಕಲ್ಲು ಹಾಸಿದೆ. ತಗ್ಗಿನ ಹತ್ತಿರ ಅಳೆದರೆ ಕಟ್ಟೆಯ ಎತ್ತರ ಒಂದೂವರೆ ಅಡಿ ಮಾತ್ರ. ಅದಕ್ಕಿಂತ ಎತ್ತರ ಮಾಡಿದರೆ ನೀರು ರಸ್ತೆಯ ತಳಕ್ಕೆ ಹೋಗಿ ಡಾಂಬರು ಕುಸಿಯುತ್ತದೆ.

ಕಟ್ಟೆಗಳ ನಡುವೆ ಎಷ್ಟು ಅಂತರ ಬೇಕು? ಕೆಳಗಿನ ಕಟ್ಟೆಯ ತಲೆಯೂ ಮೇಲಿನ ಕಟ್ಟೆಯ ಬುಡವೂ ಒಂದೇ ಮಟ್ಟಕ್ಕೆ ಬರಬೇಕು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದೆ. ನಮ್ಮಲ್ಲಿ ನೂರು ಅಡಿಗೆ ಎರಡು ಅಡಿ ಇಳಿಜಾರು. ಹಾಗಾಗಿ 75 ಅಡಿಗೆ ಒಂದರಂತೆ ಒಟ್ಟು 12 ಕಟ್ಟೆ ಬಂದವು. ನೀರಿನ ವೇಗ ಅರ್ಧಕ್ಕೆ ಇಳಿದರೆ ಅದರ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಕಟ್ಟೆಗಳಿಂದ ನನಗೆ ಬೇಕಾಗಿದ್ದೂ ಅಷ್ಟೇ.

ನಮ್ಮ ಹೊಲದ್ದೂ ತಪ್ಪಿತ್ತು, ಅದನ್ನೂ ಹೇಳಬೇಕು. ಹಿಂಗಾರಿಗೆ ಕಡಲೆ ಬಿತ್ತುವುದಕ್ಕೆ ಅಂತ ಮುಂಗಾರಿನಲ್ಲಿ ಹೊಲ ಹರಗಿ ಬಯಲು ಬಿಡುತ್ತಿದ್ದೆವು. ಮಳೆ ಜಾಸ್ತಿ ಬೀಳುವ ದಿನಗಳಲ್ಲೇ ಮಣ್ಣಿನ ಮೇಲೆ ಒಂದು ಎಲೆ ಇರುತ್ತಿರಲಿಲ್ಲ. ಈಗ ಇಳಿಜಾರಿಗೆ ಅಡ್ಡವಾಗಿ ಹೆಸರು ಬಿತ್ತುತ್ತೇವೆ. ಎರಡು ತಿಂಗಳಲ್ಲಿ ಕಾಯಿ ಬಿಡಿಸಿ ಮುಗಿಯುತ್ತದೆ, ಹಿಂದೆಯೇ ಕಡಲೆ. ಗಟಾರದ ಕಡೆ ಬದುವಿಗೆ ಲಾವಂಚ ಹಚ್ಚಿದ್ದೇನೆ.

ಕಷ್ಟ ಆಗಿದ್ದು ಗಟಾರದ ಹುಲ್ಲು ಉಳಿಸುವುದು. ಗಟಾರ ಸ್ವಚ್ಛ ಮಾಡಲು ಬರುವವರು ಪ್ರತಿ ಬೇಸಿಗೆ ಅದನ್ನು ಬೇರು ಸಮೇತ ಕೆರೆದು ಹಾಕುತ್ತಿದ್ದರು. ನೋಡುವುದಕ್ಕೆ ಚೊಕ್ಕ, ಆದರೆ ಮಿರಗದ (ಮೃಗಶಿರಾ) ಮೊದಲ ಮಳೆಗೇ ಹಸಿ ಮಣ್ಣು ಕೊಚ್ಚಿ ಹೋಗುತ್ತದೆ. ಅವರಿಗೆ ಕೈಮುಗಿದು ಹೇಳಿದೆ: ಹುಲ್ಲು ಎತ್ತರ ಆದರೆ ಕೊಯ್ಯಿರಿ, ದನಕ್ಕಾದರೂ ಆಗುತ್ತದೆ, ಬೇರು ಕೀಳಬೇಡಿ. ಮೋರಿಯ ಬಾಯಿ ಕಟ್ಟಿದ್ದರೆ ಅಲ್ಲಿ ಮಾತ್ರ ಹೂಳು ತೆಗೆಯಿರಿ. ಕಟ್ಟೆಗಳ ಹಿಂದೆ ಕೂತ ಮಣ್ಣನ್ನು ನಾವೇ ಬೇಸಿಗೆಯಲ್ಲಿ ಎತ್ತಿ ಹೊಲಕ್ಕೆ ಹಾಕುತ್ತೇವೆ. ಹೋದ ವರ್ಷ ಎರಡು ಟ್ರ್ಯಾಲಿ ಸಿಕ್ಕಿತು. ನಮ್ಮದೇ ಮೇಲ್ಮಣ್ಣು ಅದು.

ಈ ಮಳೆಗಾಲದಲ್ಲಿ ಮತ್ತೆ ಬಾಟಲಿ ಇಟ್ಟೆ. ಬುಡದ ನೀರು ಪೂರ್ತಿ ತಿಳಿಯಾಗಿಲ್ಲ. ಆದರೆ ಮಾರನೇ ದಿನಕ್ಕೆ ಬಾಟಲಿಯ ಆ ಕಡೆ ಹಿಡಿದ ಬೆರಳು ಕಾಣುತ್ತಿತ್ತು. ಗಟಾರ ಹಳ್ಳಕ್ಕೆ ಧುಮುಕುವ ಜಾಗದಲ್ಲಿ ದಂಡೆ ಇನ್ನೂ ಕೊರೆಯುತ್ತಿದೆ. ಅಲ್ಲಿ ನೀರನ್ನು ನೇರ ಬಿಡದೆ ಹುಲ್ಲಿನ ಪಟ್ಟಿಯ ಮೇಲೆ ಹರಡಿ ಇಳಿಸಬೇಕು. ಆ ಕಡೆಯ ಹೊಲದವರ ಹತ್ತಿರ ಮೂವತ್ತು ಅಡಿ ಜಾಗ ಕೇಳಿದ್ದೇನೆ. ಕಡಲೆ ರಾಶಿ ಆದ ಮೇಲೆ ನೋಡೋಣ ಅಂದಿದ್ದಾರೆ.