ಮೈಸೂರು ಪಾಕ್ ಸ್ಟೌಟ್‌ನಲ್ಲಿ ಮುಳುಗಿ, ರಾಗಿ ಲಾಗರ್‌ನಲ್ಲಿ ಎದ್ದೆ

"ಮೂರು ವಾರಕ್ಕೆ ಲಾಗರ್ ಕೊಡ್ತೀನಿ, ಅದೂ ರಾಗಿ ಹಾಕಿ" ಅಂದಾಗ ನಕ್ಕವರೇ ಜಾಸ್ತಿ. ಲಾಗರ್ ಅಂದರೆ ತಣ್ಣಗೆ, ನಿಧಾನವಾಗಿ ಹುದುಗಿಸುವ ತೆಳ್ಳನೆ ಬಿಯರ್. ನಮ್ಮ ಓನರ್ ಮಾತ್ರ ನಗಲಿಲ್ಲ. ಅವರು ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದರು. ಈಗ ನಮ್ಮ ಐದು ಟ್ಯಾಂಕ್‌ಗಳಲ್ಲಿ ಎರಡು ಈ ಬಿಯರ್‌ಗೇ ಮೀಸಲು. ಅದಕ್ಕೇ ಬರೆಯೋಕೆ ಧೈರ್ಯ ಬಂದಿದೆ. ಮ್ಯಾಶ್ (ಒಡೆದ ಧಾನ್ಯವನ್ನು ಬಿಸಿನೀರಿಗೆ ಕಲಸೋದು), ಸಿಐಪಿ (ಟ್ಯಾಂಕ್ ಬಿಚ್ಚದೆ ಒಳಗೇ ತೊಳೆಯೋದು) ಹೇಗೆ ಮಾಡೋದು ಅಂತೆಲ್ಲ ವಿವರವಾಗಿ ಹೇಳುತ್ತಾ ಕೂರಲ್ಲ. ಟ್ಯಾಂಕ್ ತೊಳೆಯುವ ಕಾಸ್ಟಿಕ್ ಸೋಡಾದಲ್ಲಿ ಒಮ್ಮೆಯಾದರೂ ಕೈ ಸುಟ್ಟುಕೊಂಡವರಿಗೆ ಇದು.

ನಮ್ಮದು ದಕ್ಷಿಣ ಬೆಂಗಳೂರಿನ ಒಂದು ಬ್ರೂಪಬ್, ಬಿಯರನ್ನು ಅಲ್ಲೇ ಮಾಡಿ ಅಲ್ಲೇ ಮಾರುವ ಪಬ್. 500 ಲೀಟರ್ ಬ್ರೂಹೌಸ್, 1000 ಲೀಟರಿನ ಐದು ಟ್ಯಾಂಕ್. ಮೂಲೆಯಲ್ಲಿ 200 ಲೀಟರಿನ ಒಂದು ಪುಟ್ಟ ಟ್ಯಾಂಕ್ ಇದೆ. ಅದು ನನ್ನ ಆಟದ ಸಾಮಾನು.

ಇಂದಿರಾನಗರದಲ್ಲಿ ಟಾಯ್ಟ್ ಬ್ರೂಪಬ್ ಶುರುವಾದ ಕಾಲಕ್ಕೆ ಹೆಫೆವೈಜನ್ ಅನ್ನೋ ವೀಟ್ ಬಿಯರ್‌ನ (ಗೋಧಿ ಬಿಯರ್) ಬಾಳೆಹಣ್ಣಿನ ವಾಸನೆಯೇ ಜನಕ್ಕೆ ಹೊಸದು. "ಬಾಳೆಹಣ್ಣು ಹಾಕಿದ್ದೀರಾ?" ಅಂತ ಕೇಳುತ್ತಿದ್ದರು. ಯೀಸ್ಟ್‌ನಿಂದ ಬರುವ ವಾಸನೆ ಅಂದರೆ ನಂಬುತ್ತಿರಲಿಲ್ಲ. ಈಗ ನಿಜವಾಗಿ ಬಾಳೆಹಣ್ಣು ಹಾಕಿದರೂ ಯಾರೂ ತಿರುಗಿ ನೋಡಲ್ಲ. ಅಮೆರಿಕದಲ್ಲಿ ಮಿಲ್ಕ್‌ಶೇಕ್ ಐಪಿಎ, ಪೇಸ್ಟ್ರಿ ಸ್ಟೌಟ್, ಸ್ಮೂದಿ ಸೌರ್ ಅಂತ ಸಿಹಿತಿಂಡಿ, ಹಣ್ಣಿನ ರುಚಿಯ ಬಿಯರ್ ಏನೇ ಬಂದರೂ ನಮ್ಮ ಓನರ್ ಫೋನಿಗೆ ಅದರ ಫೋಟೋ ಬಂದಿರುತ್ತದೆ. ಮಾರನೇ ದಿನ ಬೆಳಿಗ್ಗೆ ನನ್ನ ಫೋನಿಗೆ.

ನಾನೂ ಕುಣಿದೆ, ಸುಳ್ಳು ಹೇಳಲ್ಲ. ಮೊದಲು ಮಾವಿನ ಹೇಜಿ ಐಪಿಎ, ಅಂದರೆ ಪರಿಮಳ ಜಾಸ್ತಿ ಇರುವ ಮಬ್ಬು ಬಿಯರ್. ಶ್ರೀನಿವಾಸಪುರದ ಬಾದಾಮಿ ಹಣ್ಣಿನ ಪಲ್ಪ್, ಸುಮಾರು 90 ಕೆಜಿ. ಸಿಟ್ರಾ, ಮೊಸಾಯಿಕ್ ಅನ್ನೋ ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂ) ಸೇರಿಸಿ ಡ್ರೈ ಹಾಪಿಂಗ್‌ಗೇ, ಅಂದರೆ ಕುದಿಸದೆ ನೇರ ಟ್ಯಾಂಕಿಗೆ ಹಾಕೋಕೇ, 12 ಕೆಜಿ. ಬರೀ ಅಷ್ಟು ಹಾಪ್ಸ್‌ಗೆ 45-50 ಸಾವಿರ ಹೋಯಿತು. ಇನ್ನು ಆ ಹಾಪ್ಸ್ ಕುಡಿದ ಬಿಯರ್ ಬೇರೆ. ನೂರು ಲೀಟರ್ ಹತ್ತಿರ ಹಾಪ್ಸ್ ಗಸಿಯಲ್ಲೇ ಉಳಿಯಿತು. ಒಂದು ಡಿಗ್ರಿಗೆ ಇಳಿಸಿದರೂ ಮಾವಿನ ನಾರು ಕೆಳಗೆ ಕೂರಲಿಲ್ಲ. ಕೆಗ್‌ಗೆ (ಪೀಪಾಯಿ) ತುಂಬಿಸುವಾಗ ಬಿಯರ್ ಹೊರಗೆಳೆಯುವ ಕೊಳವೆಯಾದ ರ‍್ಯಾಕಿಂಗ್ ಆರ್ಮ್ ಕಟ್ಟಿಕೊಂಡಿತು. ರಾತ್ರಿ ಹನ್ನೊಂದು ಗಂಟೆಗೆ ನಾನು, ನನ್ನ ಅಸಿಸ್ಟೆಂಟ್ ಹುಡುಗ ಇಬ್ಬರೂ ಮಾವಿನ ರಸದಲ್ಲಿ ಮಿಂದಿದ್ದೆವು. ಸಾವಿರ ಲೀಟರಿನಲ್ಲಿ ಗ್ಲಾಸಿಗೆ ಬಂದದ್ದು 780 ಚಿಲ್ಲರೆ.

ಮೊದಲ ವಾರ ಹಬ್ಬ. ಗ್ಲಾಸಿಗೆ 450 ರೂಪಾಯಿ ಇಟ್ಟರೂ ಜನ ಕೇಳಿ ಕೇಳಿ ತಗೊಂಡರು. ಮೂರನೇ ವಾರಕ್ಕೆ ಆಮ್ಲಜನಕ ತನ್ನ ಕೆಲಸ ಮಾಡಿತ್ತು. ಬಂಗಾರದ ಬಣ್ಣ ಹೋಗಿ ಹೆಚ್ಚಿಟ್ಟ ಸೇಬಿನ ಬಣ್ಣ ಬಂತು. ಕೊನೆಯ 200 ಲೀಟರನ್ನು ಹ್ಯಾಪಿ ಅವರ್‌ನಲ್ಲಿ ಒಂದಕ್ಕೊಂದು ಫ್ರೀ ಅಂತ ದಾಟಿಸಿದೆವು.

ಆಮೇಲೆ 2022ರ ದಸರಾ. "ಮೈಸೂರು ಪಾಕ್ ಸ್ಟೌಟ್ ಮಾಡೋಣ" ಅಂದರು ಓನರ್. ಸ್ಟೌಟ್ ಅಂದರೆ ಕಾಫಿಯ ಹಾಗೆ ಕಪ್ಪಗಿನ ಬಿಯರ್. ನಾನು ಪುಟ್ಟ ಟ್ಯಾಂಕ್ ಅಂದೆ. ಅವರು ದೊಡ್ಡ ಟ್ಯಾಂಕ್ ಅಂದರು. ಇಪ್ಪತ್ತು ಕೆಜಿ ಮೈಸೂರು ಪಾಕ್ ಪುಡಿ ಮಾಡಿ ಹಾಕಿದೆ. ತುಪ್ಪ ಬಿದ್ದ ಕಡೆ ನೊರೆ ನಿಲ್ಲಲ್ಲ ಅನ್ನೋದು ಗೊತ್ತಿಲ್ಲದ ಬ್ರೂಯರ್ ಇದ್ದಾನಾ? ಗೊತ್ತಿದ್ದೂ ಹಾಕಿದೆ. ತೇಲುವ ತುಪ್ಪವನ್ನು ಮೇಲಿಂದ ತೆಗೆದರಾಯಿತು ಅನ್ನೋ ಭ್ರಮೆ. ಗ್ಲಾಸಿಗೆ ಸುರಿದರೆ ತಣ್ಣಗಾದ ಡಿಕಾಕ್ಷನ್ ತರಹ ಬಂತು. ಒಂದು ಗುಳ್ಳೆಯೂ ನಿಲ್ಲಲಿಲ್ಲ. ಮೇಲೆ ಸಣ್ಣ ಸಣ್ಣ ಚಿನ್ನದ ಚುಕ್ಕಿ. ಸಾರಿನ ಒಗ್ಗರಣೆಯ ಹಾಗೆ ಕಾಣುತ್ತಿತ್ತು. ಕಸ್ಟಮರ್ ಒಬ್ಬರು ತುಂಬಾ ಗಂಭೀರವಾಗಿ "ಇದರ ಜೊತೆ ಖಾರಾಬೂಂದಿ ಇದೆಯಾ?" ಅಂತ ಕೇಳಿದರು.

ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ತುಪ್ಪ ಗ್ಯಾಸ್ಕೆಟ್‌ಗೆ, ಹೋಸ್‌ಗೆ ಅಂಟಿತ್ತು. ಅದೇ ಹೋಸ್‌ನಲ್ಲಿ ಹಾದ ಮುಂದಿನ ವೀಟ್ ಬಿಯರ್‌ಗೂ ನೊರೆ ಇಲ್ಲ. ಮೂರು ಸಲ ಬಿಸಿ ಕಾಸ್ಟಿಕ್ ಓಡಿಸಿದೆ, ಹೋಸ್‌ಗಳನ್ನು ಎಸೆದೆ. ಎಲ್ಲ ಸೇರಿ ಒಂದೂಕಾಲು ಲಕ್ಷದ ಹತ್ತಿರ ಕೈಬಿಟ್ಟಿತು.

ಆ ಬೇಜಾರಿನಲ್ಲಿ ಒಂದು ಕೆಲಸ ಮಾಡಿದೆ. ಎರಡು ವಾರದ ಬಿಲ್‌ಗಳನ್ನು ಹರಡಿಕೊಂಡು ಕೂತೆ. ಯಾವ ಬಿಯರ್ ಎಷ್ಟು ಮಾರಿತು ಅಂತ ಎಲ್ಲರೂ ನೋಡುತ್ತಾರೆ. ನಾನು ನೋಡಿದ್ದು, ಅದೇ ಟೇಬಲ್ಲು ಅದೇ ಬಿಯರನ್ನು ಎರಡನೇ ಸಲ ಕೇಳಿತಾ ಅಂತ. ಬಣ್ಣಬಣ್ಣದ ದುಬಾರಿ ಬಿಯರ್‌ಗಳಲ್ಲಿ ಹತ್ತು ಜನ ಮೊದಲ ಗ್ಲಾಸ್ ತಗೊಂಡರೆ ಎರಡನೆಯದಕ್ಕೆ ಇಬ್ಬರೋ ಮೂವರೋ. ಫೋಟೋ ತೆಗೆದು, ಒಂದು ಮುಗಿಸಿ, "ಸ್ವಲ್ಪ ಹೆವಿ" ಅಂದು ಬೇರೆ ಕಡೆ ಹೋಗುತ್ತಾರೆ. ಪಾಪದ ವೀಟ್ ಬಿಯರ್‌ನಲ್ಲಿ ಆರೇಳು ಜನ. ಅದೂ ಚಿಲ್ಲಿ ಚಿಕನ್, ಬೋಟಿ ಫ್ರೈ ಇದ್ದ ಟೇಬಲ್‌ಗಳಲ್ಲಿ ಮೂರನೆಯದಕ್ಕೂ ಅದೇ. ಮಾವಿನ ಜೊತೆ ಬೋಟಿ ಯಾರು ತಿಂತಾರೆ ಹೇಳಿ.

ನೆಂಚಿಕೊಂಡು ಕುಡಿಯೋಕೆ ತಣ್ಣನೆ, ತೆಳ್ಳನೆ ಲಾಗರ್ ಬೇಕು. ಆದರೆ ಲಾಗರ್ ಅಂದರೆ ಐದಾರು ವಾರ ಟ್ಯಾಂಕ್ ಕಟ್ಟಿಹಾಕಬೇಕು. "ಅಷ್ಟು ದಿನ ಟ್ಯಾಂಕ್ ಇಟ್ಕೊಂಡು ಕೂತ್ರೆ ಬಾಡಿಗೆ ಯಾರಪ್ಪಾ ಕಟ್ತಾರೆ?" ಅಂದರು ಓನರ್. ತಪ್ಪೇನಿಲ್ಲ. ಅಷ್ಟರಲ್ಲಿ 2023 ಬಂತು, ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ನಾನು ರಾಗಿ ಅಂದೆ. ಅವರ ಕಣ್ಣು ಅರಳಿತು. ಒಳಗೆ ಲಾಗರ್ ಇಟ್ಟು ಮೇಲೆ ರಾಗಿ ಹೊದಿಸಿ ಒಪ್ಪಿಸಿದೆ.

ಮೊದಲ ಸಲ ಸೋಮಾರಿತನ ಮಾಡಿದೆ. ಅಂಗಡಿಯ ರಾಗಿ ಹಿಟ್ಟು 30 ಕೆಜಿ, ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 70 ಕೆಜಿ, ನೇರ ಮ್ಯಾಶ್ ಮಾಡುವ ಪಾತ್ರೆಗೆ. ಇಪ್ಪತ್ತು ನಿಮಿಷಕ್ಕೆ ಮುದ್ದೆ. ಉಪಮೆಗೆ ಹೇಳುತ್ತಿಲ್ಲ, ನಿಜವಾದ ಮುದ್ದೆ. ಫಾಲ್ಸ್ ಬಾಟಮ್ (ಪಾತ್ರೆಯ ತೂತಿನ ತಳ) ಮೇಲೆ ಒಂದಡಿ ಅಂಟು. ಕೆಳಗೆ ವರ್ಟ್ (ಹುದುಗಿಸುವ ಸಿಹಿ ರಸ) ಒಂದು ಹನಿಯೂ ಇಳಿಯಲಿಲ್ಲ. ರಾಗಿಗೆ ಬಾರ್ಲಿಯ ಹಾಗೆ ಸಿಪ್ಪೆ ಎಲ್ಲಿದೆ, ಜರಡಿ ಕಟ್ಟಿಕೊಳ್ಳೋಕೆ? ಹುಡುಗ ಸಲಿಕೆ ಹಿಡಿದು "ಅಣ್ಣಾ, ಬಸ್ಸಾರು ಮಾಡಿಬಿಡೋಣ್ವಾ?" ಅಂದ. ಮುಂದಿನ ವಾರ ಊರಿಂದ ಬರುವಾಗ ಹಿಟ್ಟು ತೊಳಸೋ ಕೋಲು ತಂದು ಬ್ರೂಹೌಸ್ ಗೋಡೆಗೆ ನೇತುಹಾಕಿದ. ಇನ್ನೂ ಅಲ್ಲೇ ಇದೆ.

ಎರಡನೇ ಸಲ ದಾರಿಗೆ ಬಂದೆ. ನಮ್ಮವ್ವ ಮಕ್ಕಳಿಗೆ ಮಾಲ್ಟ್ ಮಾಡುವ ಹಾಗೆಯೇ. ಇಡೀ ರಾಗಿ ತಂದು, ಒಂದು ದಿನ ನೆನೆಹಾಕಿ, ನಡುವೆ ಮೂರು ಸಲ ನೀರು ಬದಲಿಸಿ, ಒದ್ದೆ ಗೋಣಿಚೀಲದ ಮೇಲೆ ಹರಡಿ ಎರಡು ದಿನ ಮೊಳಕೆ ಬರಿಸಿದೆ. ಒಣಗಿಸಿ, ಉಜ್ಜಿ, ಬೇರು ತೂರಿದೆ. ಫೆಬ್ರವರಿಯಲ್ಲಿ ಟೆರೇಸ್ ಮೇಲೆ ಚೆನ್ನಾಗಿ ಒಣಗಿತು. ಜುಲೈನಲ್ಲಿ ಅದೇ ಆಟ ಆಡಲು ಹೋಗಿ 40 ಕೆಜಿಗೆ ಬೂಷ್ಟು ಬಂತು, ಹಸಿರು ಬೂಷ್ಟು. ಒಂದು ಕಾಳೂ ಉಳಿಸದೆ ಎಸೆದೆ. ಈಗ ಮಳೆಗಾಲದಲ್ಲಿ ಡ್ರೈಯರ್ ಇರುವ ಒಬ್ಬರಿಗೆ ಕೊಟ್ಟು ಮಾಡಿಸುತ್ತೇನೆ. ರಾಗಿ ಕೆಜಿಗೆ ನಲವತ್ತು ಇದ್ದದ್ದು ಮೊಳಕೆ, ಒಣಗಿಸೋದು ಎಲ್ಲ ಸೇರಿ ಎಪ್ಪತ್ತು ಮುಟ್ಟುತ್ತದೆ. ಆದರೂ ಹಡಗಿನಲ್ಲಿ ಬರುವ ಮಾಲ್ಟ್‌ಗಿಂತ ಕಡಿಮೆಯೇ.

ಒಡೆಯೋದು ಇನ್ನೊಂದು ರಗಳೆ. ಬಾರ್ಲಿಗೆ ಇಟ್ಟ ರೋಲರ್ ಸಂದಿಯಲ್ಲಿ ರಾಗಿ ಕಾಳು ಜಾರಿ ಹಾಗೇ ಹೊರಗೆ ಬರುತ್ತದೆ. ಕೊನೆಗೆ ಹತ್ತಿರದ ಹಿಟ್ಟಿನ ಗಿರಣಿಗೆ ಹೋದೆ. ತರಿತರಿಯಾಗಿ ಬೀಸಿ ಅಂದರೆ ಗಿರಣಿಯವರು "ಏನ್ ಸಾಮಿ, ಕೋಳಿಗಾ?" ಅಂದರು. ಬಿಯರ್‌ಗೆ ಅಂದೆ. ಅವತ್ತಿಂದ ಬೀಸುವ ಕೂಲಿ ಎರಡು ರೂಪಾಯಿ ಜಾಸ್ತಿ ಆಗಿದೆ.

ರಾಗಿಯನ್ನು ಬೇರೆಯಾಗಿ ಬೇಯಿಸುತ್ತೇನೆ. ಅದರ ಗಂಜಿ ಬಾರ್ಲಿಗಿಂತ ಹೆಚ್ಚು ಬಿಸಿಗೆ ಬಿಡೋದು. ಕೆಟಲ್‌ನಲ್ಲಿ ಸ್ವಲ್ಪ ಬಾರ್ಲಿ ಮಾಲ್ಟ್ ಬೆರೆಸಿ 80 ಡಿಗ್ರಿ ಹತ್ತಿರ ಅರ್ಧ ಗಂಟೆ, ಅಂಬಲಿ ಹದ. ಅದನ್ನು ಮೆಲ್ಲಗೆ ದೊಡ್ಡ ಮ್ಯಾಶ್‌ಗೆ ಬಿಟ್ಟರೆ ಅದೂ 65ಕ್ಕೆ ಏರುತ್ತದೆ. ಜರಡಿ ಕಟ್ಟೋಕೆ ನೂರು ಕೆಜಿಗೆ ನಾಲ್ಕು ಕೆಜಿ ತೊಳೆದ ಭತ್ತದ ಹೊಟ್ಟು. ರಾಗಿಯಲ್ಲಿ ಒಂದು ಪಾಲನ್ನು ಹುರಿಯುತ್ತೇನೆ. ಎಷ್ಟು ಪಾಲು, ಯಾವ ಬಣ್ಣದವರೆಗೆ ಅನ್ನೋದು ಬಿಟ್ಟುಬಿಡಿ, ಅದು ನನ್ನ ಹೊಟ್ಟೆಪಾಡು.

ಇನ್ನು ಎಲ್ಲರೂ ತಲೆಯಾಡಿಸಿದ ಭಾಗ. ಲಾಗರನ್ನು ಹತ್ತು ಡಿಗ್ರಿಯಲ್ಲಿ ಹುದುಗಿಸಬೇಕು ಅಂತ ನಮಗೆಲ್ಲ ಕಲಿಸಿದ್ದಾರೆ. ನಾನು 34/70 ಅನ್ನೋ ಲಾಗರ್ ಯೀಸ್ಟನ್ನು 14 ಡಿಗ್ರಿಗೆ ಹಾಕಿ 18ರವರೆಗೆ ಬಿಡುತ್ತೇನೆ, ಟ್ಯಾಂಕ್ ಮುಚ್ಚಿ ಒತ್ತಡದಲ್ಲಿ. ಒತ್ತಡ ಇದ್ದರೆ ಹಣ್ಣಿನ ವಾಸನೆ ತಲೆ ಎತ್ತಲ್ಲ. ಜರ್ಮನಿಯಲ್ಲಿ ಕಲಿತು ಬಂದ ಹಿರಿಯ ಬ್ರೂಯರ್ ಒಬ್ಬರು "ಕುಕ್ಕರ್‌ನಲ್ಲಿ ಬಿರಿಯಾನಿ ಮಾಡಿದಂಗೆ" ಅಂದರು. ನಮ್ಮ ಮನೆಯಲ್ಲಿ ಬಿರಿಯಾನಿ ಕುಕ್ಕರ್‌ನಲ್ಲೇ ಆಗೋದು, ಅದು ಬೇರೆ ವಿಷಯ.

ಮೊದಲ ಬ್ಯಾಚ್‌ನಲ್ಲಿ ಅವರ ಮಾತೇ ಗೆದ್ದಿತು. ಮೊದಲ ದಿನದಿಂದಲೇ ವಾಲ್ವ್ ಮುಚ್ಚಿದೆ. ಯೀಸ್ಟ್ ಬೆಳೆಯೋಕೆ ಮುಂಚೆಯೇ ಉಸಿರು ಕಟ್ಟಿತು. ಗ್ರಾವಿಟಿ (ಇನ್ನೂ ಉಳಿದ ಸಕ್ಕರೆಯ ಅಂದಾಜು, ಪ್ಲೇಟೋ ಅದರ ಅಳತೆ) ಐದು ಪ್ಲೇಟೋ ಹತ್ತಿರ ನಿಂತುಬಿಟ್ಟಿತು. ಎರಡನೆಯದು ಪೂರ್ತಿ ಇಳಿಯಿತು, ಆದರೆ ಟ್ಯಾಪ್ ತೆರೆದರೆ ಬೇಯಿಸಿದ ಮೊಟ್ಟೆಯ ವಾಸನೆ. ಮುಚ್ಚಿದ ಟ್ಯಾಂಕ್‌ನಿಂದ ಗಂಧಕ ಎಲ್ಲಿಗೆ ಹೋಗಬೇಕು? ಆ ಎರಡು ಬ್ಯಾಚ್‌ಗೆ ಯೀಸ್ಟ್ ಖರ್ಚೇ ಅರವತ್ತು ಸಾವಿರ ದಾಟಿತು. ಓನರ್ ಮತ್ತೆ ಕ್ಯಾಲ್ಕುಲೇಟರ್ ತೆಗೆದರು.

ಮೂರನೆಯದು ಕೈ ಹಿಡಿಯಿತು. ಮೊದಲ ಎರಡು ದಿನ ವಾಲ್ವ್ ಬಿಟ್ಟೇ ಇಡುತ್ತೇನೆ. ಗ್ರಾವಿಟಿ 12ರಿಂದ 7ಕ್ಕೆ ಬಂದಾಗ ಒತ್ತಡ ಹಿಡಿದಿಡುವ ಸ್ಪಂಡಿಂಗ್ ವಾಲ್ವ್ ಒಂದು ಬಾರ್‌ಗೆ. ನಿಮ್ಮ ಟ್ಯಾಂಕ್ ಎಷ್ಟು ತಡೆಯುತ್ತದೆ, ಹೆಚ್ಚಾದ ಒತ್ತಡ ಹೊರಬಿಡುವ ರಿಲೀಫ್ ವಾಲ್ವ್ ಕೆಲಸ ಮಾಡುತ್ತಾ ನೋಡಿಕೊಂಡು ಈ ಕೆಲಸಕ್ಕೆ ಕೈ ಹಾಕಿ. ನನ್ನದು ಒಮ್ಮೆ ಹಾಪ್ಸ್ ಕಸ ಸಿಕ್ಕಿ ಅಂಟಿಕೊಂಡಿತ್ತು. ಗೇಜ್ ಮುಳ್ಳು ನೋಡಿ ನನ್ನ ಕೈಕಾಲು ತಣ್ಣಗಾಗಿದ್ದವು. ಏಳೆಂಟು ದಿನಕ್ಕೆ ಹುದುಗು ಮುಗಿಯುತ್ತದೆ, ಮೇಲೆ ಎರಡು ದಿನ ಅದೇ ಬಿಸಿಯಲ್ಲಿ. ಒಂದು ಲೋಟವನ್ನು ಮುಚ್ಚಿ ಬಿಸಿನೀರಲ್ಲಿ ಇಪ್ಪತ್ತು ನಿಮಿಷ ಇಟ್ಟು ಮೂಸುತ್ತೇನೆ, ಬೆಣ್ಣೆ ವಾಸನೆ ಉಳಿದಿದೆಯಾ ಅಂತ. ಬೆಣ್ಣೆ ಬಿಸ್ಕತ್ತು ನೆನಪಾದರೆ ಇನ್ನೊಂದು ದಿನ. ಆಗದಿದ್ದರೆ ಒಂದು ಡಿಗ್ರಿಗೆ ಇಳಿಸಿ ಹನ್ನೊಂದು ಹನ್ನೆರಡು ದಿನ. ಆ ತಣ್ಣಗಿನ ದಿನಗಳಲ್ಲಿ ಉಳಿದ ಗಂಧಕಕ್ಕೆ ಒಂದು ಉಪಾಯ ಮಾಡುತ್ತೇನೆ. ಕೆಳಗಿನ ವಾಲ್ವ್‌ಗೂ ಅದಕ್ಕೂ ಸಂಬಂಧ ಇದೆ ಅಂತಷ್ಟೇ ಹೇಳಬಲ್ಲೆ.

ಆ ಹಿರಿಯರನ್ನು ಕರೆದು ಮೂರು ಗ್ಲಾಸ್ ಇಟ್ಟೆ. ಎರಡರಲ್ಲಿ ನನ್ನ ಮೂರು ವಾರದ್ದು, ಒಂದರಲ್ಲಿ ಪುಟ್ಟ ಟ್ಯಾಂಕ್‌ನಲ್ಲಿ ಅವರ ಪದ್ಧತಿಯಲ್ಲೇ ಆರು ವಾರ ಇಟ್ಟದ್ದು. ಬೇರೆ ಯಾವುದು ಹೇಳಿ ಅಂದೆ. ಎರಡು ಸಲ ಕುಡಿದು, ಎರಡು ಸಲವೂ ತಪ್ಪು ಹೇಳಿದರು. ಮೂರನೇ ಸಲ "ನೀರು ಚೆನ್ನಾಗಿದೆ" ಅಂದು ಮಾತು ತಿರುಗಿಸಿದರು. ನೀರಿನ ಮಾತು ಸರಿಯೇ. ನಮ್ಮ ಬೋರ್‌ವೆಲ್ ಗಡಸು ನೀರಿನಲ್ಲಿ ಈ ಬಿಯರ್ ಆಗಲ್ಲ, ಆರ್‌ಒ ಬೇಕೇ ಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗಾಗಿ ಕಾಯುತ್ತಾ ಎರಡು ಬ್ರೂ ಮುಂದಕ್ಕೆ ಹಾಕಿದ್ದೇನೆ. ಆರ್‌ಒ ಬಿಟ್ಟ ನೀರನ್ನು ನೆಲ ತೊಳೆಯೋಕೆ ಹಿಡಿದಿಡುವ ಬುದ್ಧಿ ಆಗಲೇ ಬಂದದ್ದು.

ಈಗ ಗ್ಲಾಸಿಗೆ 260. ಮಾವಿನ ಬಿಯರ್‌ನ ಒಂದು ಟ್ಯಾಂಕ್ ಖಾಲಿಯಾಗಲು ತಿಂಗಳು ಹಿಡಿದಿತ್ತು, ಇದು ಹತ್ತು ದಿನ. ಆರ್‌ಸಿಬಿ ಮ್ಯಾಚ್ ಇರುವ ವಾರ ಏಳೇ ದಿನ. ಹಾಪ್ಸ್ ಖರ್ಚು ಬ್ಯಾಚಿಗೆ ಏಳೆಂಟು ಸಾವಿರ, ಯೀಸ್ಟನ್ನು ನಾಲ್ಕು ಸಲ ಮರುಬಳಕೆ ಮಾಡುತ್ತೇನೆ. ಒಬ್ಬರಲ್ಲ ಒಬ್ಬರು ದಿನಾ "ಗ್ಲುಟನ್ ಫ್ರೀ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಮುಕ್ಕಾಲು ಪಾಲು ಬಾರ್ಲಿಯೇ. ವೇಟರ್‌ಗಳಿಗೆ ಇದನ್ನು ಬಾಯಿಪಾಠ ಮಾಡಿಸಿದ್ದೇನೆ.

ಹಣ್ಣು ಹಂಪಲು ಪೂರ್ತಿ ಬಿಟ್ಟಿಲ್ಲ, ಪುಟ್ಟ ಟ್ಯಾಂಕಿಗೆ ಕಳಿಸಿದ್ದೇನೆ. ದೇವನಹಳ್ಳಿ ಚಕ್ಕೋತದ ಸಿಪ್ಪೆ ವೀಟ್ ಬಿಯರ್‌ಗೆ ಚೆನ್ನಾಗಿ ಹೊಂದುತ್ತದೆ. ಬಿಳಿ ಭಾಗ ಸೇರಿದರೆ ಕಹಿ, ಅಷ್ಟೇ. ಚಿಕ್ಕಮಗಳೂರು ಕಾಫಿ ಬೀಜ ಹಾಕಿದ್ದು ಮೊದಲ ವಾರ ಅದ್ಭುತ, ಮೂರನೇ ವಾರ ದೊಣ್ಣೆಮೆಣಸಿನಕಾಯಿ. ಪುನರ್ಪುಳಿ ಗೋಸೆ (ಉಪ್ಪು-ಹುಳಿ ಬಿಯರ್) ಕೆಂಪಗೆ ಚೆಂದ ಬಂತು. ಮಂಗಳೂರಿನವರು ಕಣ್ಣು ಮುಚ್ಚಿ ಕುಡಿದರು, ಉಳಿದವರು ಉಪ್ಪು ಜಾಸ್ತಿ ಅಂದರು.

ಹೋದ ಮಂಗಳವಾರ ರಾಗಿಯನ್ನು 40 ಪರ್ಸೆಂಟ್‌ಗೆ ಏರಿಸಿ ನೋಡಿದೆ. ಮತ್ತೆ ಕಟ್ಟಿಕೊಂಡಿತು. ಹುಡುಗ ಏನೂ ಮಾತಾಡದೆ ಗೋಡೆಯಿಂದ ಕೋಲು ತೆಗೆದುಕೊಟ್ಟ. ಬೂಸಾ ಒಯ್ಯುವ ಹಸುವಿನವರು ಸಂಜೆ ಫೋನ್ ಮಾಡಿ "ಇವತ್ತಿಂದು ಅಂಟಂಟಾಗಿದೆ, ಆದ್ರೆ ಹಸು ಬಿಡ್ತಾ ಇಲ್ಲ, ನಾಳೇನೂ ಇಂಥದ್ದೇ ಇರುತ್ತಾ?" ಅಂತ ಕೇಳಿದರು. ಹೊಟ್ಟು ಆರು ಕೆಜಿ ಮಾಡಿ ಶುಕ್ರವಾರ ಇನ್ನೊಮ್ಮೆ ಹಾಕುತ್ತಿದ್ದೇನೆ.